ಗರ್ಭಸ್ಥ ಶಿಶುವಿನ ವಪೆಯೂ ಸ್ಕ್ಯಾನಿಂಗಿನ ಸಾಕ್ಷ್ಯವೂ

ಈಗ ತಾಲ್ಲೂಕು ಕೇಂದ್ರಗಳಲ್ಲಿಯೂ ರೂಢಿಗೆ ಬಂದಿರುವ ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ, ವೈದ್ಯರು ಶಿಶುವಿನ ತಲೆ, ಬೆನ್ನುಹುರಿ, ಕೈಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಬಂದು, ಎದೆಯ ಅಡ್ಡಛೇದವನ್ನು ಪರದೆಯ ಮೇಲೆ ನಿಲ್ಲಿಸಿಕೊಂಡಾಗ, ಅಲ್ಲಿ ಕಾಣಬೇಕಾದದ್ದು ತುಸು ಎಡಕ್ಕೆ ವಾಲಿ ಮಿಡಿಯುತ್ತಿರುವ ನಾಲ್ಕು ಕೋಣೆಗಳ ಹೃದಯ ಮತ್ತು ಅದರ ಇಬ್ಬದಿಗಳಲ್ಲಿ ಒಂದೇ ಹದದ ಬೂದುಬಣ್ಣದ ಎರಡು ಶ್ವಾಸಕೋಶಗಳು. ಸುಮಾರು ಮೂರು ಸಾವಿರ ಶಿಶುಗಳಲ್ಲಿ ಒಂದರಲ್ಲಿ ಈ ಚಿತ್ರ ಕದಡಿರುತ್ತದೆ. ಹೃದಯ ಬಲಗಡೆಯ ಪಕ್ಕೆಲುಬುಗಳ ಕಡೆಗೆ ಸರಿದಿದೆ; ಅದು ಬಿಟ್ಟ ಎಡೆಯಲ್ಲಿ ದ್ರವ ತುಂಬಿದ ಕಪ್ಪು ಗುಳ್ಳೆಯೊಂದು ಕುಳಿತಿದೆ; ಕೆಳಗೆ ಉದರದಲ್ಲಿ ಜಠರಕ್ಕಾಗಿ ಹುಡುಕಿದರೆ ಅದು ಅಲ್ಲಿಲ್ಲ. ಎದೆಯಲ್ಲಿ ಕುಳಿತಿರುವ ಆ ಗುಳ್ಳೆಯೇ ಜಠರವೆಂದು ಮನವರಿಕೆಯಾದ ಕ್ಷಣದಿಂದ ವೈದ್ಯರೆದುರಿಗೆ ಎರಡು ಪ್ರಶ್ನೆಗಳು ನಿಲ್ಲುತ್ತವೆ: ಇದು ನಿಶ್ಚಯವಾಗಿಯೂ ವಪೆಯ ಹರ್ನಿಯಾ ಹೌದೇ ಎಂಬುದೊಂದು, ಹೌದಾದರೆ ಈ ಮಗು ಬದುಕುವುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸ್ಕ್ಯಾನಿಂಗು ಕೊಡುವ ಉತ್ತರಕ್ಕೂ ಎರಡನೆಯದಕ್ಕೆ ಕೊಡುವ ಉತ್ತರಕ್ಕೂ ವಿಶ್ವಾಸಾರ್ಹತೆಯಲ್ಲಿ ಅಜಗಜಾಂತರವಿದೆ. ಆದರೆ ಎರಡೂ ಒಂದೇ ಕಾಗದದ ಮೇಲೆ ಒಂದೇ ಬಗೆಯ ಅಕ್ಷರಗಳಲ್ಲಿ ಅಚ್ಚಾಗಿ ಬರುವುದರಿಂದ, ಅದನ್ನು ಕೈಯಲ್ಲಿ ಹಿಡಿದು ಹೊರಬರುವ ತಂದೆತಾಯಿಗಳಿಗೆ ಆ ಅಂತರ ತೋರುವುದಿಲ್ಲ.

ವಪೆ ಎದೆಗೂ ಉದರಕ್ಕೂ ನಡುವೆ ಗುಮ್ಮಟದಂತೆ ಹರಡಿರುವ ಸ್ನಾಯುಪಟಲ. ಗರ್ಭಸ್ಥ ದೇಹದಲ್ಲಿ ಇದು ಒಮ್ಮೆಲೇ ಮೂಡುವುದಿಲ್ಲ. ಬೇರೆ ಬೇರೆ ಮೂಲಗಳಿಂದ ಹೊರಟ ಮಡಿಕೆಗಳು ಒಂದರೊಡನೊಂದು ಕೂಡಿಕೊಂಡು, ಎರಡನೆಯ ತಿಂಗಳು ಮುಗಿಯುವ ಸುಮಾರಿಗೆ ಪೂರ್ಣವಾಗಬೇಕು. ಕೂಡಿಕೆ ತಪ್ಪಿದಲ್ಲಿ ರಂಧ್ರವೊಂದು ಉಳಿಯುತ್ತದೆ. ಹೆಚ್ಚಿನ ಶಿಶುಗಳಲ್ಲಿ ಅದು ಉಳಿಯುವುದು ಹಿಂಬದಿಯ ಪಾರ್ಶ್ವದಲ್ಲಿ. ಪ್ರಾಗ್ ನಗರದ ಅಂಗರಚನಾಶಾಸ್ತ್ರಜ್ಞ ಬೋಖ್ಡಾಲೆಕ್ 1848ರಲ್ಲಿ ಇದನ್ನು ವರ್ಣಿಸಿದುದರಿಂದ ವೈದ್ಯರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಹತ್ತರಲ್ಲಿ ಎಂಟಕ್ಕೂ ಮಿಕ್ಕು ಪ್ರಸಂಗಗಳಲ್ಲಿ ರಂಧ್ರ ಎಡಗಡೆಗಿರುತ್ತದೆ. ಅದರ ಮೂಲಕ ಜಠರ, ಕರುಳು, ಪ್ಲೀಹ, ಒಮ್ಮೊಮ್ಮೆ ಯಕೃತ್ತಿನ ಒಂದು ಪಾಲು ಎದೆಗೇರಿ, ಬೆಳೆಯುತ್ತಿರುವ ಶ್ವಾಸಕೋಶದ ಜಾಗವನ್ನು ಆಕ್ರಮಿಸುತ್ತವೆ; ವಪೆಯ ಹರ್ನಿಯಾ ಎನ್ನುವುದು ಇದನ್ನೇ.

ರಂಧ್ರವನ್ನು ಹೊಲಿಯುವುದೇನೂ ಅಸಾಧ್ಯದ ಕೆಲಸವಲ್ಲ; ಬಾಸ್ಟನ್ನಿನ ರಾಬರ್ಟ್ ಗ್ರಾಸ್, ಹುಟ್ಟಿ ಒಂದು ದಿನವೂ ತುಂಬದಿದ್ದ ಮಗುವಿನಲ್ಲಿ ಇದನ್ನು ಯಶಸ್ವಿಯಾಗಿ ಮಾಡಿದ ವೃತ್ತಾಂತವನ್ನು 1946ರಷ್ಟು ಹಿಂದೆಯೇ ಪ್ರಕಟಿಸಿದನು. ಆದರೆ ರೋಗವಿರುವುದು ರಂಧ್ರದಲ್ಲಲ್ಲ, ಶ್ವಾಸಕೋಶದಲ್ಲಿ. ಅದುಮಿಹೋದ ಬದಿಯ ಶ್ವಾಸಕೋಶ ಮಾತ್ರವಲ್ಲದೆ ಎದುರು ಬದಿಯದೂ ಕುಗ್ಗಿರುತ್ತದೆ; ಶ್ವಾಸನಾಳಗಳ ಕವಲುಗಳು ಕಡಮೆಯಾಗಿರುತ್ತವೆ; ರಕ್ತನಾಳಗಳ ಗೋಡೆಗಳು ದಪ್ಪವಾಗಿ, ಹುಟ್ಟಿದ ಕೂಡಲೇ ಸಡಿಲಗೊಳ್ಳಬೇಕಾದ ಅವು ಬಿಗಿದುಕೊಂಡೇ ಉಳಿಯುತ್ತವೆ. ಮಾಸುಚೀಲವು ಮಗುವಿನ ಪರವಾಗಿ ಉಸಿರಾಡುತ್ತಿರುವಷ್ಟು ಕಾಲ ಇದಾವುದೂ ಬಾಧಿಸುವುದಿಲ್ಲ; ಮಗು ಚೆನ್ನಾಗಿ ಒದೆಯುತ್ತದೆ, ತೂಕ ಏರುತ್ತದೆ, ತಾಯಿಗೆ ಯಾವ ಸೂಚನೆಯೂ ಇಲ್ಲ. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಮೇಲಿನ ಕೆಲವು ನಿಮಿಷಗಳಲ್ಲಿ ಎಲ್ಲವೂ ಒಟ್ಟಿಗೆ ಪ್ರಕಟವಾಗುತ್ತದೆ. ಆದುದರಿಂದಲೇ ಮುಂಚಿತವಾಗಿ ತಿಳಿಯುವುದಕ್ಕೆ ಇಷ್ಟು ಬೆಲೆ.

ಮೊದಲನೆಯ ಪ್ರಶ್ನೆಯ ವಿಷಯದಲ್ಲಿ, ಕಂಡದ್ದನ್ನು ನಂಬಬಹುದು, ಕಾಣದ್ದನ್ನು ಅಷ್ಟಾಗಿ ನಂಬಲಾಗದು ಎಂದರೆ ಹೆಚ್ಚು ತಪ್ಪಾಗಲಾರದು. ಎದೆಯಲ್ಲಿ ಜಠರವೂ, ಅಲೆಅಲೆಯಾಗಿ ಚಲಿಸುವ ಕರುಳೂ ಕಂಡರೆ, ಉದರದ ಸುತ್ತಳತೆ ಕಿರಿದಾಗಿದ್ದರೆ, ಅನುಭವವುಳ್ಳ ಕಣ್ಣು ತಪ್ಪುವುದು ಅಪರೂಪ. ಶ್ವಾಸಕೋಶದಲ್ಲಿಯೇ ಹುಟ್ಟುವ ಕೆಲವು ನೀರುಗುಳ್ಳೆಗಳ ಗಡ್ಡೆಗಳು ಇದೇ ವೇಷದಲ್ಲಿ ಬಂದು ಭ್ರಮೆಯನ್ನುಂಟುಮಾಡುವುದುಂಟು. ಆದರೆ ಅವುಗಳಲ್ಲಿ ಜಠರ ಸ್ವಸ್ಥಾನದಲ್ಲಿಯೇ ಇರುತ್ತದೆ, ಗುಳ್ಳೆಗಳು ಕರುಳಿನಂತೆ ಹೊರಳಾಡುವುದಿಲ್ಲ. ನಿಜವಾದ ತೊಡಕಿರುವುದು ಕಾಣದಿರುವುದರಲ್ಲಿ. ವಪೆಯ ರೇಖೆ ತೆಳುವಾದ ಕಪ್ಪು ಗೆರೆಯಾಗಿ ಪರದೆಯ ಮೇಲೆ ಮೂಡಿತೆಂದು ಸಮಾಧಾನ ಪಡುವಂತಿಲ್ಲ, ಏಕೆಂದರೆ ಮುಂಭಾಗದ ವಪೆ ಸರಿಯಾಗಿಯೇ ಇದ್ದು ಅದರ ಬೆನ್ನಿಗೇ ರಂಧ್ರ ಅಡಗಿರಬಹುದು. ಬಲಗಡೆಯ ಹರ್ನಿಯಾದಲ್ಲಿ ಮೇಲೇರುವುದು ಪ್ರಾಯಶಃ ಯಕೃತ್ತು; ಗರ್ಭದ ಮಧ್ಯಕಾಲದಲ್ಲಿ ಯಕೃತ್ತಿನ ಬೂದುಬಣ್ಣಕ್ಕೂ ಶ್ವಾಸಕೋಶದ ಬೂದುಬಣ್ಣಕ್ಕೂ ಅಂತರ ಅತ್ಯಲ್ಪವಾದುದರಿಂದ, ರಕ್ತದ ಹರಿವನ್ನು ಬಣ್ಣಗಳಲ್ಲಿ ತೋರಿಸುವ ಡಾಪ್ಲರಿನ ಕೆಂಪುನೀಲಿಗಳಲ್ಲಿ ಅದರ ರಕ್ತನಾಳಗಳ ದಾರಿಯನ್ನು ಹಿಂಬಾಲಿಸಿಕೊಂಡು ಹೋಗದ ಹೊರತು ಎದೆಯಲ್ಲಿರುವುದು ಯಾವುದೆಂದು ಹೇಳಲಾಗದು. ಇನ್ನು ಕೆಲವು ಶಿಶುಗಳಲ್ಲಿ ಇಪ್ಪತ್ತನೆಯ ವಾರದಲ್ಲಿ ಅಂಗಗಳೆಲ್ಲ ಕೆಳಗೇ ಇದ್ದು, ಆಮೇಲೆ ಎಂದೋ ಏರುತ್ತವೆ. ಅಂಥ ಸಂದರ್ಭದಲ್ಲಿ ಐದನೆಯ ತಿಂಗಳ ಸ್ಕ್ಯಾನಿಂಗಿನ ವರದಿ ಸುಳ್ಳನ್ನೇನೂ ಹೇಳಿರುವುದಿಲ್ಲ, ಆ ದಿನದ ಸತ್ಯವನ್ನೇ ಹೇಳಿರುತ್ತದೆ.

ಯೂರೋಪಿನ ಇಪ್ಪತ್ತು ಪ್ರಾಂತಗಳ ದಾಖಲೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹುಟ್ಟುವ ಮುನ್ನವೇ ಪತ್ತೆಯಾದವು ಹತ್ತರಲ್ಲಿ ಸುಮಾರು ಆರು ಮಾತ್ರ. ವಪೆಯ ದೋಷವೊಂದೇ ಇದ್ದ ಶಿಶುಗಳಲ್ಲಿ ಪತ್ತೆಯಾದದ್ದು ಅರ್ಧದಷ್ಟು. ಹೃದಯದ ದೋಷವೋ ಇನ್ನಾವುದೋ ಜೊತೆಗೂಡಿದ್ದವುಗಳಲ್ಲಿ ಇದಕ್ಕಿಂತ ಹೆಚ್ಚು. ಬೇರೊಂದು ದೋಷ ಕಂಡಾಗ ಪರೀಕ್ಷಕನು ಹೆಚ್ಚು ಹೊತ್ತು, ಹೆಚ್ಚು ಶಂಕೆಯಿಂದ ನೋಡುವುದೇ ಇದಕ್ಕೆ ಕಾರಣವಾಗಿರಬೇಕೆಂದು ನನ್ನ ಊಹೆ. ಹಾಗಾದರೆ, ವಪೆಯ ದೋಷವೊಂದೇ ಇದ್ದು ಬದುಕುವ ಸಂಭವ ಅಧಿಕವಾಗಿರುವ ಶಿಶುಗಳೇ ಕಣ್ತಪ್ಪಿಸಿಕೊಳ್ಳುವುದೂ ಅಧಿಕ ಎಂದಾಯಿತು. ಅಂದಿನಿಂದ ಯಂತ್ರಗಳು ಬಹಳ ಸುಧಾರಿಸಿವೆಯಾದರೂ, ಯಂತ್ರವನ್ನು ಹಿಡಿಯುವ ಕೈಯ ತರತಮ ಅಳಿದುಹೋಗಿಲ್ಲ.

ಎರಡನೆಯ ಪ್ರಶ್ನೆಗೆ ಬರುವ ಮುನ್ನ ಒಂದು ಹಳೆಯ ಪ್ರಸಂಗವನ್ನು ನೆನೆಯಬೇಕು. ಎಪ್ಪತ್ತರ ದಶಕದವರೆಗೆ, ಈ ರೋಗದಲ್ಲಿ ಎಷ್ಟು ಮಂದಿ ಮಕ್ಕಳು ಬದುಕುತ್ತಾರೆಂದು ಕೇಳಿದರೆ ಶಸ್ತ್ರವೈದ್ಯರು ಕೊಡುತ್ತಿದ್ದ ಲೆಕ್ಕ ಅಷ್ಟೇನೂ ನಿರಾಶಾದಾಯಕವಾಗಿರಲಿಲ್ಲ. 1978ರಲ್ಲಿ ಅಮೆರಿಕದ ಮೈಕೆಲ್ ಹ್ಯಾರಿಸನ್, ನಾರ್ವೆಯ ವೈದ್ಯರೊಡಗೂಡಿ ಬರೆದ ಲೇಖನವೊಂದರಲ್ಲಿ, ಆ ಲೆಕ್ಕದ ಹಿಂದೆ ಅಡಗಿದ್ದ ಗುಪ್ತಮರಣವನ್ನು ಬಯಲಿಗೆಳೆದನು. ಶಸ್ತ್ರವೈದ್ಯನ ಮೇಜಿನವರೆಗೆ ಬದುಕಿ ತಲುಪಿದ ಮಕ್ಕಳನ್ನಷ್ಟೇ ಎಣಿಸಲಾಗುತ್ತಿತ್ತು. ದಾರಿಯಲ್ಲಿ, ಹೆರಿಗೆಯ ಕೋಣೆಯಲ್ಲಿ, ಗರ್ಭದಲ್ಲಿಯೇ ಅಳಿದವರು ಯಾರ ಪುಸ್ತಕದಲ್ಲಿಯೂ ಇರಲಿಲ್ಲ. ಸ್ಕ್ಯಾನಿಂಗು ಬಂದು ಶಿಶುಗಳನ್ನು ಗರ್ಭದಿಂದಲೇ ಎಣಿಸತೊಡಗಿದ ಮೇಲೆ ರೋಗ ಇದ್ದಕ್ಕಿದ್ದಂತೆ ಉಗ್ರವಾಯಿತೆಂಬಂತೆ ತೋರಿತು; ಬದಲಾದದ್ದು ರೋಗವಲ್ಲ, ಎಣಿಕೆ ಆರಂಭವಾಗುವ ಸ್ಥಳ.

ಬದುಕಿನ ಸಂಭವವನ್ನು ಅಳೆಯುವ ಮಾನದಂಡವೊಂದನ್ನು 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯರ ತಂಡ, ಹ್ಯಾರಿಸನ್ನನೂ ಅದರಲ್ಲೊಬ್ಬ, ಮುಂದಿಟ್ಟಿತು. ಹೃದಯದ ನಾಲ್ಕು ಕೋಣೆಗಳು ಕಾಣುವ ಮಟ್ಟದಲ್ಲಿ ಎದೆಯ ಅಡ್ಡಛೇದವನ್ನು ಹಿಡಿದು, ಹರ್ನಿಯಾದ ಎದುರು ಬದಿಯ ಶ್ವಾಸಕೋಶದ ಉದ್ದ ಅಗಲಗಳನ್ನು ಮಿಲಿಮೀಟರುಗಳಲ್ಲಿ ಅಳೆದು ಗುಣಿಸಿ, ಬಂದದ್ದನ್ನು ತಲೆಯ ಸುತ್ತಳತೆಯಿಂದ ಭಾಗಿಸಬೇಕು. ಅವರು ಪರಿಶೀಲಿಸಿದ ಶಿಶುಗಳಲ್ಲಿ, ಈ ಅನುಪಾತ 0.6ಕ್ಕಿಂತ ಕಡಮೆಯಿದ್ದವು ಒಂದೂ ಉಳಿಯಲಿಲ್ಲ, 1.35ಕ್ಕೆ ಮೀರಿದ್ದವೆಲ್ಲ ಉಳಿದವು. ಅಂಕಿಗಳು ಇಷ್ಟು ಸ್ಪಷ್ಟವಾಗಿ ಮಾತನಾಡುವುದು ವೈದ್ಯಶಾಸ್ತ್ರದಲ್ಲಿ ವಿರಳ. ಆದುದರಿಂದಲೇ ಜಗತ್ತಿನ ಆಸ್ಪತ್ರೆಗಳು ಅದನ್ನು ಕೂಡಲೇ ಅಂಗೀಕರಿಸಿದುದು ಸಹಜವೇ. ಆದರೆ ಪರಿಶೀಲಿಸಿದ ಶಿಶುಗಳ ಸಂಖ್ಯೆ ಕೆಲವೇ ಹತ್ತುಗಳು. ಎಲ್ಲವೂ ಒಂದು ಆಸ್ಪತ್ರೆಯ ಅನುಭವ.

ಅಳತೆಯಲ್ಲಿಯೇ ಒಂದು ದೋಷವಿದ್ದುದು ಮುಂದೆ ತಿಳಿದುಬಂತು. ಆರೋಗ್ಯವಂತ ಶಿಶುವಿನಲ್ಲಿ ಹನ್ನೆರಡನೆಯ ವಾರದಿಂದ ಮೂವತ್ತೆರಡನೆಯ ವಾರದವರೆಗೆ ಶ್ವಾಸಕೋಶದ ಅಡ್ಡಛೇದದ ವಿಸ್ತೀರ್ಣ ಸುಮಾರು ಹದಿನಾರು ಪಟ್ಟು ಹೆಚ್ಚುತ್ತದೆ, ತಲೆಯ ಸುತ್ತಳತೆಯಾದರೋ ನಾಲ್ಕು ಪಟ್ಟು ಮಾತ್ರ. ಅಂದಮೇಲೆ ಯಾವ ರೋಗವೂ ಇಲ್ಲದ ಮಗುವಿನಲ್ಲಿಯೂ ಅನುಪಾತ ವಾರವಾರಕ್ಕೂ ಏರುತ್ತ ಹೋಗುತ್ತದೆ. ಇಪ್ಪತ್ತೆರಡನೆಯ ವಾರದಲ್ಲಿ ಸಮಾಧಾನಕರವಾದ ಒಂದು ಅಂಕಿ ಮೂವತ್ತೆರಡನೆಯ ವಾರದಲ್ಲಿ ಭಯಾನಕವಾಗಬಹುದು. ಬೆಲ್ಜಿಯಮ್ಮಿನ ಲೂವೆನ್ನಿನ ಯಾನ್ ಡೆಪ್ರೆಸ್ಟ್, ಲಂಡನ್ನಿನ ಕೈಪ್ರೋಸ್ ನಿಕೊಲೈಡಿಸ್ ಮೊದಲಾದವರ ಬಳಗ 2007ರಲ್ಲಿ ಇದಕ್ಕೊಂದು ಪರಿಹಾರವನ್ನು ಸೂಚಿಸಿತು: ಕಂಡ ಅನುಪಾತವನ್ನು, ಅದೇ ವಾರದ ಆರೋಗ್ಯವಂತ ಶಿಶುವಿನಲ್ಲಿ ನಿರೀಕ್ಷಿತವಾದ ಅನುಪಾತದ ಶೇಕಡಾವಾರಾಗಿ ಹೇಳುವುದು. ಎಡಗಡೆಯ ಹರ್ನಿಯಾದಲ್ಲಿ ಇದು ಶೇಕಡಾ 25ಕ್ಕಿಂತ ಕೆಳಗಿದ್ದರೆ ತೀವ್ರ, 45ಕ್ಕೆ ಮೇಲಿದ್ದರೆ ಸೌಮ್ಯ, ನಡುವಣದ್ದು ಯಕೃತ್ತು ಎದೆಗೇರಿದೆಯೋ ಇಲ್ಲವೋ ಎಂಬುದರ ಮೇಲೆ ಅವಲಂಬಿತ ಎಂದು ಈಗ ಸ್ಥೂಲವಾಗಿ ಎಣಿಸುವ ವಾಡಿಕೆ. ಜಠರ ಎದೆಯೊಳಗೆ ಎಷ್ಟು ಹಿಂದಕ್ಕೆ, ಹೃದಯದ ಮರೆಗೆ ಸರಿದಿದೆಯೆಂಬುದೂ ಒಂದು ಸೂಚಕವಾಗಿ ಸೇರಿಕೊಂಡಿದೆ.

ಇಷ್ಟಾದರೂ ಕೈಯ ಸಮಸ್ಯೆ ಉಳಿದೇ ಇದೆ. ಶ್ವಾಸಕೋಶದ ಅಂಚಿನುದ್ದಕ್ಕೂ ಗೆರೆ ಎಳೆದು ವಿಸ್ತೀರ್ಣವನ್ನು ಕಂಡುಹಿಡಿಯುವುದು ಒಂದು ಕ್ರಮ. ಅತ್ಯಂತ ಉದ್ದದ ವ್ಯಾಸವನ್ನೂ ಅದಕ್ಕೆ ಲಂಬವಾದುದನ್ನೂ ಗುಣಿಸುವುದು ಇನ್ನೊಂದು. ಎರಡನೆಯ ಕ್ರಮದಲ್ಲಿ ಅದೇ ಶ್ವಾಸಕೋಶ ವಾಸ್ತವಕ್ಕಿಂತ ಗಣನೀಯವಾಗಿ ದೊಡ್ಡದಾಗಿ ತೋರುತ್ತದೆ. ಪರೀಕ್ಷಕನಿಂದ ಪರೀಕ್ಷಕನಿಗೆ ವ್ಯತ್ಯಾಸ ಕಡಮೆಯಿರುವುದು ಮೊದಲನೆಯದರಲ್ಲಿ. ವರದಿಯಲ್ಲಿ ಶೇಕಡಾವಾರು ಅಚ್ಚಾಗಿರುತ್ತದೆ, ಕ್ರಮ ಯಾವುದೆಂದು ಅನೇಕ ವೇಳೆ ಅಚ್ಚಾಗಿರುವುದಿಲ್ಲ. ಛೇದ ತುಸು ಓರೆಯಾದರೆ, ಪಕ್ಕೆಲುಬಿನ ನೆರಳು ಅಂಚನ್ನು ಮಸುಕು ಮಾಡಿದರೆ, ಮಗು ಬೆನ್ನು ತಿರುಗಿಸಿಕೊಂಡು ಮಲಗಿದ್ದರೆ, ಅಂಕಿ ಅತ್ತಿತ್ತ ಸರಿಯುತ್ತದೆ. ಆ ಒಂದು ಛೇದದಿಂದ ಇಡೀ ಶ್ವಾಸಕೋಶವನ್ನು ನಿರ್ಣಯಿಸುವುದಾದರೂ, ಹಲಸಿನ ಹಣ್ಣನ್ನು ಒಂದೇ ಕಡೆ ಕೊಯ್ದು ನೋಡಿ ತೊಳೆಗಳ ಲೆಕ್ಕ ಹೇಳಿದಂತೆಯೇ ಸರಿ. ಎಮ್‌ಆರ್‌ಐ ಯಂತ್ರದಿಂದ ಒಟ್ಟು ಗಾತ್ರವನ್ನೇ ಅಳೆಯಬಹುದಾದುದರಿಂದ ದೊಡ್ಡ ಆಸ್ಪತ್ರೆಗಳು ಅದನ್ನೂ ಜೊತೆಗಿಟ್ಟುಕೊಳ್ಳುತ್ತವೆ. ಈ ಅಳತೆಯನ್ನು ನಿತ್ಯವೂ ಮಾಡುವ ಪರಿಣತನಿಗೆ ಇದೆಲ್ಲ ಕರಗತವಾಗಿರುತ್ತದೆ. ಹಲವು ವರ್ಷಗಳಿಗೊಮ್ಮೆ ಇಂಥ ಶಿಶುವನ್ನು ಕಾಣುವವನು ಬರೆದ 24ಕ್ಕೂ ಇನ್ನೊಬ್ಬನು ಬರೆದ 27ಕ್ಕೂ ನಡುವೆ ಇರುವುದು ಕೈಯ ನಡುಕದಷ್ಟು ಅಂತರವಾದರೂ, ಒಂದು ತೀವ್ರವೆಂದೂ ಮತ್ತೊಂದು ಮಧ್ಯಮವೆಂದೂ ಹೆಸರು ಪಡೆದು ಎರಡು ಬೇರೆ ದಾರಿಗಳನ್ನು ಹಿಡಿಯುತ್ತವೆ.

ನನ್ನ ದೃಷ್ಟಿಯಲ್ಲಿ ಕೈಯ ದೋಷಕ್ಕಿಂತಲೂ ಗಹನವಾದ ದೋಷ ಬೇರೊಂದಿದೆ. ಅದನ್ನು ತೋರಿಸಿಕೊಟ್ಟದ್ದೂ ಆ ಸ್ಯಾನ್ ಫ್ರಾನ್ಸಿಸ್ಕೋದ ತಂಡವೇ. ಗರ್ಭದಲ್ಲಿ ಶ್ವಾಸಕೋಶ ಸದಾ ದ್ರವವನ್ನು ಸ್ರವಿಸುತ್ತಿರುತ್ತದೆ. ಶ್ವಾಸನಾಳವನ್ನು ತಾತ್ಕಾಲಿಕವಾಗಿ ಮುಚ್ಚಿಬಿಟ್ಟರೆ ಆ ದ್ರವ ಒಳಗೇ ನಿಂತು ಶ್ವಾಸಕೋಶವನ್ನು ಹಿಗ್ಗಿಸಿ ಬೆಳೆಸೀತೆಂಬ ಆಲೋಚನೆಯಿಂದ ಅವರು ಒಂದು ಕ್ರಮಬದ್ಧವಾದ ಪ್ರಯೋಗವನ್ನು ಕೈಗೊಂಡರು. ಯಕೃತ್ತು ಎದೆಗೇರಿ, ಅನುಪಾತ 1.4ಕ್ಕಿಂತ ಕಡಮೆಯಿದ್ದ ಶಿಶುಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದರಲ್ಲಿ ಈ ಚಿಕಿತ್ಸೆಯನ್ನು ನಡೆಸಿ ಇನ್ನೊಂದನ್ನು ಹುಟ್ಟುವವರೆಗೆ ಹಾಗೆಯೇ ಬಿಟ್ಟರು. ಹಿಂದಿನ ಅನುಭವದ ಪ್ರಕಾರ, ಹಾಗೆಯೇ ಬಿಟ್ಟ ಗುಂಪಿನಲ್ಲಿ ಅರ್ಧಕ್ಕಿಂತಲೂ ಕಡಮೆ ಮಕ್ಕಳು ಬದುಕಬೇಕಾಗಿತ್ತು. 2003ರಲ್ಲಿ ಫಲಿತಾಂಶ ಪ್ರಕಟವಾದಾಗ, ಚಿಕಿತ್ಸೆ ಪಡೆದ 11ರಲ್ಲಿ 8 ಉಳಿದಿದ್ದವು. ಪಡೆಯದ 13ರಲ್ಲಿ 10 ಉಳಿದಿದ್ದವು. ಇಪ್ಪತ್ತನಾಲ್ಕು ತಾಯಂದಿರಿಗೇ ಪ್ರಯೋಗ ನಿಂತುಹೋಯಿತು.

ಅನುಪಾತವನ್ನು ಅವರು ತಪ್ಪಾಗಿ ಅಳೆದಿರಲಿಲ್ಲ. ಅಳೆಯುವುದರಲ್ಲಿ ಅವರಿಗಿಂತ ನಿಪುಣರು ಆಗ ಬೇರೆಲ್ಲಿಯೂ ಇರಲಿಲ್ಲವೆಂದೇ ಹೇಳಬಹುದು. ಶ್ವಾಸಕೋಶಗಳು ಚಿಕ್ಕವಾಗಿಯೇ ಇದ್ದವು. ಆದರೆ ಈ ನಡುವೆ ನವಜಾತ ಶಿಶುಗಳ ಆರೈಕೆ ಬದಲಾಗಿತ್ತು. ಹುಟ್ಟಿದ ಕೂಡಲೇ ಅವಸರದಿಂದ ಶಸ್ತ್ರಚಿಕಿತ್ಸೆಗೆ ಒಯ್ಯುವುದನ್ನು ಬಿಟ್ಟು, ಮಗುವಿನ ಸ್ಥಿತಿ ಸ್ತಿಮಿತಕ್ಕೆ ಬರುವವರೆಗೆ ಕಾಯುವುದು, ಕೃತಕ ಉಸಿರಾಟದ ಯಂತ್ರದಿಂದ ಬಲವಾಗಿ ಗಾಳಿಯನ್ನು ಒತ್ತಿ ಎಳೆಯ ಶ್ವಾಸಕೋಶವನ್ನು ಹರಿಯದೆ, ರಕ್ತದಲ್ಲಿ ಇಂಗಾಲಾಮ್ಲ ತುಸು ಹೆಚ್ಚಿದರೂ ಸಹಿಸಿಕೊಂಡು ಮೃದುವಾಗಿ ನಡೆಸುವುದು, ಇವು ರೂಢಿಗೆ ಬಂದಿದ್ದವು. ಹಳೆಯ ಆರೈಕೆಯಲ್ಲಿ ಸಾಯುತ್ತಿದ್ದ ಅಳತೆಯ ಶ್ವಾಸಕೋಶ, ಹೊಸ ಆರೈಕೆಯಲ್ಲಿ ಬದುಕುವ ಅಳತೆಯ ಶ್ವಾಸಕೋಶವಾಯಿತು. ಗರ್ಭದಲ್ಲಿ ಅಳೆದ ಆ ಅಂಕಿ ಅರ್ಧ ಮಾತ್ರ ಶಿಶುವನ್ನು ಕುರಿತದ್ದೆಂದೂ, ಉಳಿದರ್ಧ ಆ ಶಿಶುವನ್ನು ಎತ್ತಿಕೊಳ್ಳಲಿರುವ ಆಸ್ಪತ್ರೆಯನ್ನು ಕುರಿತದ್ದೆಂದೂ ಇದಕ್ಕಿಂತ ಸ್ಫುಟವಾಗಿ ತೋರಿಸಿದ ನಿದರ್ಶನವನ್ನು ನಾನು ಕಾಣೆ.

ಡೆಪ್ರೆಸ್ಟ್ ನೇತೃತ್ವದಲ್ಲಿ ಅನೇಕ ದೇಶಗಳ ಆಸ್ಪತ್ರೆಗಳು ಕೂಡಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದ ಫಲವನ್ನೂ ಹೀಗೆಯೇ ಓದಬೇಕು. ಶೇಕಡಾ 25ಕ್ಕಿಂತ ಕೆಳಗಿದ್ದ ತೀವ್ರ ವರ್ಗದ ಶಿಶುಗಳ ಶ್ವಾಸನಾಳದಲ್ಲಿ, ಬಹಳ ಕಿರಿದಾದ ದರ್ಶಕನಳಿಗೆಯೊಂದರ ಮೂಲಕ, 27ರಿಂದ 29ನೆಯ ವಾರದೊಳಗೆ ಪುಟ್ಟ ಬಲೂನನ್ನು ಇಟ್ಟು, 34ನೆಯ ವಾರದ ಸುಮಾರಿಗೆ ತೆಗೆಯಲಾಯಿತು. ಬಲೂನು ಪಡೆದವರಲ್ಲಿ ಶೇಕಡಾ 40, ಪಡೆಯದವರಲ್ಲಿ ಶೇಕಡಾ 15 ಮಕ್ಕಳು ಬದುಕಿ ಮನೆಗೆ ಹೋದವು. ಆದರೆ ಬಲೂನಿನ ಗುಂಪಿನಲ್ಲಿ ನಾಲ್ವರಲ್ಲಿ ಮೂವರು ತಾಯಂದಿರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಧ್ಯಮ ವರ್ಗದ ಮೇಲೆ ಬೇರೆಯಾಗಿ ನಡೆದ ಪ್ರಯೋಗದಲ್ಲಿ ಈ ಅಂಕಿಗಳು 63 ಮತ್ತು 50. ಆ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೃಢವಾಗಿರಲಿಲ್ಲ. ಬಲೂನಿಲ್ಲದೆಯೇ ತಮ್ಮಲ್ಲಿ ತೀವ್ರ ವರ್ಗದ ಮಕ್ಕಳು ಶೇಕಡಾ 15ಕ್ಕಿಂತ ಬಹಳ ಹೆಚ್ಚಾಗಿ ಬದುಕುತ್ತವೆಂದು ಕೆಲವು ಆಸ್ಪತ್ರೆಗಳವರು ಆಕ್ಷೇಪವೆತ್ತಿದರು. ಅವರ ಮಾತೂ ಸುಳ್ಳಲ್ಲದಿರಬಹುದು. ಆದರೆ ಶೇಕಡಾ 22 ಎಂಬ ಒಂದೇ ವರದಿ, ಮಗು ಹುಟ್ಟುವ ಊರನ್ನನುಸರಿಸಿ ಬೇರೆ ಬೇರೆ ಭವಿಷ್ಯಗಳನ್ನು ಹೇಳುವುದಾದರೆ, ಅದನ್ನು ಶಿಶುವಿನ ಗುಣವೆಂದು ಬರೆಯುವುದಾದರೂ ಹೇಗೆ?

ಇದರ ಜೊತೆಗೆ ಪರದೆಯ ಮೇಲೆ ಮೂಡದಿರುವವೂ ಇವೆ. ಗಾತ್ರದಲ್ಲಿ ಸಾಕಷ್ಟಿದ್ದ ಶ್ವಾಸಕೋಶದ ರಕ್ತನಾಳಗಳು ಹುಟ್ಟಿದ ಮೇಲೆ ಬಿಗಿದುಕೊಂಡು ಮಗುವನ್ನು ಕೊಲ್ಲಬಹುದು. ಆ ಬಿಗಿತವನ್ನು ಮುಂದಾಗಿ ಹೇಳಬಲ್ಲ ಅಳತೆ ಗರ್ಭದ ಸ್ಕ್ಯಾನಿಂಗಿನಲ್ಲಿ ಇನ್ನೂ ಸರಿಯಾಗಿ ಸಿದ್ಧವಾಗಿಲ್ಲ. ವರ್ಣತಂತುಗಳ ದೋಷ ಸ್ಕ್ಯಾನಿಂಗಿಗೆ ಕಾಣದು, ಗರ್ಭಜಲವನ್ನು ತೆಗೆದು ಪರೀಕ್ಷಿಸಬೇಕು.

ನಮ್ಮ ದೇಶದಲ್ಲಿ ಈ ಅಂಕಿಗೆ ಕಾನೂನಿನ ಗಡಿಯಾರವೊಂದು ಸೇರಿಕೊಂಡಿದೆ. 1971ರ ಗರ್ಭಪಾತ ಕಾಯಿದೆಯ 20 ವಾರಗಳ ಮಿತಿಯನ್ನು 2021ರ ತಿದ್ದುಪಡಿ ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ವಿಸ್ತರಿಸಿ, ಶಿಶುವಿನಲ್ಲಿ ಗಣನೀಯವಾದ ವೈಕಲ್ಯವಿದೆಯೆಂದು ವೈದ್ಯಮಂಡಲಿ ನಿರ್ಣಯಿಸಿದಲ್ಲಿ ಆ ಮಿತಿಯನ್ನೂ ಸಡಿಲಿಸಿದೆ. ಐದನೆಯ ತಿಂಗಳಲ್ಲಿ ಶಂಕೆ, ಆಮೇಲೆ ಪರಿಣತರ ಬಳಿಗೆ ಪ್ರಯಾಣ, ಗರ್ಭಜಲದ ವರದಿಗಾಗಿ ಕಾಯುವುದು, ಇಷ್ಟರಲ್ಲಿ ವಾರಗಳು ಉರುಳಿ ಹೋಗುತ್ತವೆ. ಆ ಒತ್ತಡದಲ್ಲಿ ತಂದೆತಾಯಿಗಳು ಒಂದು ಶೇಕಡಾವಾರನ್ನು ವಿಧಿಲಿಖಿತವೆಂದು ಓದಿಕೊಂಡರೆ ಅವರನ್ನು ದೂಷಿಸಲಾಗದು. ಗರ್ಭವನ್ನು ಮುಂದುವರಿಸದಿರುವ ಅವರ ನಿರ್ಧಾರವನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಆ ಹಕ್ಕು ಅವರದು. ಆದರೆ ಕಡಮೆ ಅಂಕಿಯ ಶಿಶುಗಳು ಹುಟ್ಟದೆಯೇ ಹೋದಾಗ, ಅವುಗಳಲ್ಲಿ ಎಷ್ಟು ಬದುಕುತ್ತಿದ್ದವೆಂಬುದು ಎಂದಿಗೂ ತಿಳಿಯದೆ, ಅಂಕಿ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತ ಹೋಗುತ್ತದೆ. ಹ್ಯಾರಿಸನ್ನನ ಗುಪ್ತಮರಣ ಬಾಗಿಲು ಬದಲಿಸಿ ಪುನಃ ಪ್ರವೇಶಿಸುವುದು ಹೀಗೆ. ಆದುದರಿಂದ ಪರಿಣತರೆದುರು ಕುಳಿತಾಗ, ಅಂಕಿ ಎಷ್ಟೆಂದು ಕೇಳುವುದರೊಡನೆ, ಯಾವ ವಾರದಲ್ಲಿ, ಯಾವ ಕ್ರಮದಿಂದ ಅಳೆದಿರಿ, ಯಕೃತ್ತು ಎಲ್ಲಿದೆ, ಇಂಥ ಮಕ್ಕಳು ನಿಮ್ಮಲ್ಲಿಯೇ ಕಳೆದ ವರ್ಷಗಳಲ್ಲಿ ಎಷ್ಟು ಹುಟ್ಟಿದವು, ಎಷ್ಟು ಮನೆಗೆ ಹೋದವು ಎಂದು ಕೇಳುವುದು ತಂದೆತಾಯಿಗಳಿಗೆ ಸಲ್ಲುವ ಪ್ರಶ್ನೆಯೇ.

ಮುಂದುವರಿಸುವವರಿಗೆ ಸ್ಕ್ಯಾನಿಂಗಿನ ಮೊದಲನೆಯ ಉತ್ತರದಿಂದ ಸಿಗುವ ಪ್ರಯೋಜನ ಮಾತ್ರ ಯಾವ ಶೇಕಡಾವಾರನ್ನೂ ಅವಲಂಬಿಸಿಲ್ಲ. ಉಸಿರಾಡದೆ ನೀಲಿಗಟ್ಟಿದ ಮಗುವನ್ನು ಕಂಡರೆ ಮುಖಕ್ಕೆ ಮುಸುಕಿಟ್ಟು ಗಾಳಿ ಒತ್ತುವುದು ಹೆರಿಗೆಯ ಕೋಣೆಯಲ್ಲಿ ಎಲ್ಲರೂ ಕಲಿತ ಕ್ರಮ. ಈ ಮಗುವಿನಲ್ಲಿ ಹಾಗೆ ಮಾಡಿದರೆ ಗಾಳಿ ಜಠರಕ್ಕೂ ಕರುಳಿಗೂ ನುಗ್ಗಿ, ಎದೆಯೊಳಗೇ ಅವು ಉಬ್ಬಿ, ಇದ್ದ ಅಲ್ಪ ಶ್ವಾಸಕೋಶವನ್ನೂ ಅದುಮಿಬಿಡುತ್ತವೆ. ಮುಂಚೆಯೇ ತಿಳಿದಿದ್ದರೆ ಮುಸುಕನ್ನು ಮುಟ್ಟದೆ, ನೇರವಾಗಿ ಶ್ವಾಸನಾಳಕ್ಕೆ ನಳಿಗೆ ಇಳಿಸಿ, ಮೂಗಿನಿಂದಲೋ ಬಾಯಿಯಿಂದಲೋ ಜಠರಕ್ಕೆ ಇನ್ನೊಂದು ನಳಿಗೆ ಹಾಕಿ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಇದಕ್ಕೆ ಬೇಕಾದ ಜನರೂ ಯಂತ್ರಗಳೂ ಹೆರಿಗೆಯ ಕೋಣೆಯ ಪಕ್ಕದಲ್ಲಿಯೇ ಇರಬೇಕು. ಹುಟ್ಟಿದ ಮಗುವನ್ನು ಆಂಬ್ಯುಲೆನ್ಸಿನಲ್ಲಿ ಇನ್ನೊಂದು ಊರಿಗೆ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿಟ್ಟುಕೊಂಡೇ ಒಯ್ಯುವುದು ಎಷ್ಟೋ ಕ್ಷೇಮಕರವಾದುದರಿಂದ, ಹೆರಿಗೆ ಎಲ್ಲಿ ಆಗಬೇಕೆಂಬುದನ್ನು ಎಂಟನೆಯ ತಿಂಗಳು ಕಳೆಯುವುದರೊಳಗೆ ಗೊತ್ತುಮಾಡಿಕೊಂಡು, ಆ ಊರಿನಲ್ಲಿಯೇ ತಂಗಲು ಒಂದು ಮನೆಯನ್ನೂ ನೋಡಿಕೊಂಡಿರುವುದು ಒಳ್ಳೆಯದು.